ಬೀದರಿಗೆ ಹೋಗುವ ಬೆಳಗಿನ ಬಸ್ಸು

ಶಾಲೆ ಹೊತ್ತಿಗೆ ಬಗದಲ್‌ನಿಂದ ಬೀದರಿಗೆ ಹೊರಡುವ ಬಸ್ಸು ನೋಡಿ. ಬಾಗಿಲ ತನಕ ಮಕ್ಕಳು. ಕೊರಳಲ್ಲಿ ಐಡಿ ಕಾರ್ಡು, ಬ್ಯಾಗಿನಲ್ಲಿ ಬುತ್ತಿ ಡಬ್ಬಿ. ಕೈಯಲ್ಲಿ ನಾಲ್ಕು ಕಾಸಿದ್ದವರು ಮಕ್ಕಳನ್ನು ಸಿಟಿಗೆ ಕಳಿಸುತ್ತಾರೆ. ಇಲ್ಲದವರ ಮಕ್ಕಳು ಊರಲ್ಲೇ, ಅತಿಥಿ ಶಿಕ್ಷಕರ ದಾರಿ ಕಾಯುತ್ತ.

1472ರಲ್ಲೇ ಬಹಮನಿ ಮಂತ್ರಿ ಮಹಮೂದ್ ಗವಾನ್ ಮದರಸಾ ಕಟ್ಟಿಸಿದ ಊರು ಬೀದರ್. ಇವತ್ತು ಬೇರೆ ರಾಜ್ಯಗಳಿಂದಲೂ ಮಕ್ಕಳು ನೀಟ್ ಕೋಚಿಂಗಿಗೆ ಇಲ್ಲಿಗೆ ಬರುತ್ತಾರೆ. ಹೆಮ್ಮೆಯ ಮಾತೇ. ಆದರೆ ಇದೇ ಜಿಲ್ಲೆಯ ಔರಾದ್, ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ವರದಿಯ 39 ಅತಿ ಹಿಂದುಳಿದ ತಾಲ್ಲೂಕುಗಳಲ್ಲಿ ಒಂದು. ಈ ಭಾಗದವರಿಗೆ ಸೀಟು, ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ದಶಕ ದಾಟಿತು. ಮೀಸಲಿಟ್ಟ ಮೆಡಿಕಲ್ ಸೀಟು ಹಳ್ಳಿ ಹುಡುಗಿಯ ಕೈಗೆ ಸಿಗಬೇಕಾದರೆ, ಮೊದಲು ಎಂಟನೇ ಕ್ಲಾಸಿನಲ್ಲಿ ಅವಳಿಗೆ ಗಣಿತ ಹೇಳಿಕೊಡುವವರು ಬೇಕಲ್ಲ?

ಕನ್ನಡ ಶಾಲೆಗೆ ಅಡ್ಡಿಯಿದ್ದ ನಿಜಾಮರ ಕಾಲದಲ್ಲಿ ಇದೇ ಜಿಲ್ಲೆಯ ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಅಂಥ ಕಷ್ಟದಲ್ಲೂ ಶಾಲೆ ನಡೆಸಿದ ನೆಲವಿದು. ಈಗ ಕಟ್ಟಡ ಇದೆ, ಬಿಸಿಯೂಟ ಇದೆ, ಬೇಕಾದದ್ದು ಕಾಯಂ ಮೇಷ್ಟ್ರು. ಖಾಲಿ ಹುದ್ದೆ ತುಂಬುವಾಗ ಗಡಿಯ ಹಳ್ಳಿಗಳಿಂದಲೇ ಶುರು ಮಾಡಿ. ಗಣಿತ, ವಿಜ್ಞಾನ ಕಲಿಸುವವರಿಗೆ ಊರಲ್ಲೇ ಉಳಿಯಲು ಒಂದು ಮನೆ ಕೊಡಿ.