ಖಾಲಿ ಮಾಡೋರು ಯಾರು?

ಮೊದಲೇ ಹೇಳಿಬಿಡ್ತೀವಿ. ನಾವು ಮೂವರೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಕನ್ನಡದಲ್ಲಿ ಇಷ್ಟು ಉದ್ದ ಬರೆಯೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ರೆ ಬೈಕೊಳ್ಳಿ, ಆದರೆ ಪೂರ್ತಿ ಓದಿ.

ನಮ್ಮಲ್ಲಿ ಒಬ್ಬ ಬೀದರ ಸಿಟಿಯವ, ಒಬ್ಬ ಭಾಲ್ಕಿಯವ, ಇನ್ನೊಬ್ಬ ಔರಾದ ತಾಲೂಕಿನ ಹಳ್ಳಿಯವ. ಧೂಳು ನಮಗೆ ಹೊಸದಲ್ಲ. ಬೀದರದ್ದು ಕೆಂಪು ಕಲ್ಲಿನ ಧೂಳು, ಕೋಟೆ ಕಡೆ ಹೋಗಿ ಬಂದ್ರೆ ಬಿಳಿ ಶೂ ಕೆಂಪಾಗಿರುತ್ತೆ. ಭಾಲ್ಕಿ, ಔರಾದ ಕಡೆ ಕರಿ ಎರೆಮಣ್ಣು. ಮಳೆ ಬಂದ್ರೆ ಅದು ಚಪ್ಪಲಿ ಬಿಡಲ್ಲ, ಬೇಸಿಗೆಯಲ್ಲಿ ಗಾಳಿ ಬೀಸಿದ್ರೆ ಕಣ್ಣು ಬಿಡೋಕಾಗಲ್ಲ. "ಧೂಳಿಗೆ ಅಂಜಿದ್ರ ನಮ್ಮ ಜಿಲ್ಲಾದಾಗ ಇರ್ಲಿಕ್ಕಿ ಆಗ್ತದೇನು?" ಅಂತ ಕೇಳುತ್ತಲೇ ಬೆಳೆದವರು ನಾವು. ಆದರೆ ಕಳೆದ ಬೇಸಿಗೆ ರಜೆಯಲ್ಲಿ ಕಂಡ ಬಿಳಿ ಧೂಳಿನ ಕಥೆ ಬೇರೆ.

ಭಾಲ್ಕಿ ಗೆಳೆಯನ ಮನೆಯ ಮೇಲಿನ ಕೋಣೆಗೆ ಹೊಸ ವೈರಿಂಗ್ ನಡೆದಿತ್ತು. ಗೋಡೆ ಕೊರೆದು ಪೈಪ್ ಕೂಡಿಸಬೇಕು. ಅವನ ಕಾಕಾ ಗುತ್ತಿಗೆದಾರರು. "ಮೂರು ಮಂದಿ ಇಂಜಿನಿಯರ್ ಸುಮ್ನ ಕುಂತೀರಿ, ಬರ್ರಿ ಕೆಲಸಕ್ಕ" ಅಂದರು. ಅವರ ಹತ್ರ ಕಟ್ಟಡ ಕೆಲಸಕ್ಕೆ ಅಂತಲೇ ತಂದಿದ್ದ ಡ್ರಮ್ಮಿನಂಥ ದೊಡ್ಡ ವ್ಯಾಕ್ಯೂಮ್ ಕ್ಲೀನರ್ ಇತ್ತು. ಒಳಗೆ ಹಾಕೋ ಚೀಲ ದುಬಾರಿ ಅಂತ ಚೀಲ ಇಲ್ಲದೇನೇ ಓಡಿಸ್ತಿದ್ದರು. ಎಲೆಕ್ಟ್ರಿಷಿಯನ್ ಅಣ್ಣ ಕಟರ್ ಹಿಡಿದರು, ನಾವು ಪೈಪಿನ ಬಾಯಿಯನ್ನು ಬ್ಲೇಡಿನ ಪಕ್ಕಕ್ಕೇ ಹಿಡಿದೆವು. ಧೂಳು ಸೊಂಯ್ ಅಂತ ಒಳಗೆ ಹೋಗ್ತಿತ್ತು. ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿಕೊಂಡೆವು.

ಹತ್ತು ನಿಮಿಷಕ್ಕೆ ಮಷೀನ್ ಎಳೆಯೋದು ಕಮ್ಮಿ ಆಯ್ತು. ಬಿಚ್ಚಿ ನೋಡಿದ್ರೆ ಫಿಲ್ಟರ್ ತುಂಬಾ ಗೋಧಿ ಹಿಟ್ಟಿನಷ್ಟು ನುಣ್ಣನೆಯ ಪುಡಿ. ಹಿತ್ತಲಿಗೆ ಒಯ್ದು ಬೇವಿನ ಗಿಡದ ಕಟ್ಟೆಗೆ ಧಪಧಪ ಬಡಿದೆವು, ಡ್ರಮ್ಮನ್ನು ಅಲ್ಲೇ ಬೋರಲು ಹಾಕಿದೆವು. ಎದ್ದ ಬಿಳಿ ಮೋಡದಲ್ಲಿ ಒಬ್ಬರಿಗೊಬ್ಬರು ಕಾಣಲಿಲ್ಲ. ಅದು ಮೆಲ್ಲಗೆ ಹೋಗಿ ಕೂತಿದ್ದು ಆಯಿ ಹೊರಸಿನ ಮೇಲೆ ಒಣಗಿಸಿದ್ದ ಶಾವಿಗಿ ಮೇಲೆ.

ಆಯಿ ಬಂದು ನೋಡಿ ಒಂದೇ ಮಾತು ಕೇಳಿದಳು: "ಒಳಗಿನ ಧೂಳ ತಂದು ಹೊರಗ ಚೆಲ್ಲಾಕ ಮಷೀನ್ ಯಾಕ ಬೇಕು? ಕಸಬರಿಗಿ ಸತ್ತಿತ್ತೇನು?"

ನಾವು ನಕ್ಕೆವು. ಔರಾದಿನವ ಮಾತ್ರ ನಗಲಿಲ್ಲ. ಟವೆಲ್ ಕೊಡವಿ ಸುಮ್ಮನೆ ಮೇಲೆ ಹೋದ. ರಾತ್ರಿ ಮಾಳಿಗೆ ಮೇಲೆ ಮಲಗಿದಾಗ ಅವನ ಅಪ್ಪನ ವಿಷಯ ಹೇಳಿದ. ಒಂದು ವರ್ಷ ಜೊತೆಗೇ ಇದ್ದರೂ ನಮಗೆ ಗೊತ್ತಿರಲಿಲ್ಲ.

ಅವನ ಅಪ್ಪ ಹೈದರಾಬಾದಿನಲ್ಲಿ ಹದಿನಾರು ವರ್ಷ ಗ್ರಾನೈಟ್ ಕೊಯ್ದು ಪಾಲಿಶ್ ಮಾಡಿದವರು. ಮೂಗಿಗೆ ಟವೆಲ್ ಒಂದೇ. ಆಮೇಲೆ ಕೆಮ್ಮು ಶುರುವಾಯ್ತು. ಟಿಬಿ ಅಂತ ಆರು ತಿಂಗಳು ಗುಳಿಗೆ ತಿಂದರು, ಕೆಮ್ಮು ಹೋಗಲಿಲ್ಲ. ಕೊನೆಗೆ ಒಬ್ಬ ಡಾಕ್ಟರ್ ಎಕ್ಸ್‌ರೇ ನೋಡಿ "ನೀವು ಏನ್ ಕೆಲಸ ಮಾಡ್ತಿದ್ರಿ?" ಅಂತ ಕೇಳಿದರಂತೆ. ಆ ಪ್ರಶ್ನೆ ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ. ರೋಗದ ಹೆಸರು ಸಿಲಿಕೋಸಿಸ್. ಕಲ್ಲು, ಮರಳು, ಕಾಂಕ್ರೀಟಿನಲ್ಲಿರುವ ಸಿಲಿಕಾ ಪುಡಿ ಪುಪ್ಪುಸದ ಆಳಕ್ಕೆ ಹೋಗಿ ಗಾಯದ ಕಲೆ ಕಟ್ಟುತ್ತೆ. ಅದನ್ನು ವಾಪಸ್ ತೆಗೆಯೋ ಔಷಧ ಇಲ್ಲ. ಈ ರೋಗ ಇದ್ದವರಿಗೆ ಟಿಬಿ ತಗಲುವ ಅಪಾಯವೂ ಜಾಸ್ತಿ.

ಇದೇನು ಹೊಸ ರೋಗವಲ್ಲ. ಭಾರತದ ಮೊದಲ ವರದಿಗಳಲ್ಲಿ ಒಂದು 1947ರದ್ದು, ಅದೂ ನಮ್ಮ ಕೋಲಾರ ಚಿನ್ನದ ಗಣಿಯದ್ದು. 1948ರ ಫ್ಯಾಕ್ಟರಿ ಕಾಯ್ದೆ ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ಇವತ್ತು ಈ ಮನೆ, ನಾಳೆ ಆ ಮನೆ ಅಂತ ತಿರುಗೋ ಗೌಂಡಿ ಯಾವ ಫ್ಯಾಕ್ಟರಿಯವನು?

ಮರುದಿನ ಫ್ಲೂಯಿಡ್ ಮೆಕ್ಯಾನಿಕ್ಸ್ ನೋಟ್ಸ್ ತೆಗೆದೆವು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಸ್ಟೋಕ್ಸ್ ನಿಯಮ ಮೊದಲ ಸಲ ಉಪಯೋಗಕ್ಕೆ ಬಂತು. 2 ಮೈಕ್ರಾನಿನ ಕಲ್ಲಿನ ಕಣ ಗಾಳಿಯಾಡದ ಕೋಣೆಯಲ್ಲಿ 2 ಮೀಟರ್ ಕೆಳಗಿಳಿಯಲು ಸುಮಾರು ಒಂದೂ ಮುಕ್ಕಾಲು ಗಂಟೆ ಬೇಕು! ಕಣ್ಣಿಗೆ ಕಾಣೋ ದಪ್ಪ ಧೂಳು ಸೆಕೆಂಡುಗಳಲ್ಲಿ ಕೆಳಗೆ ಕೂತುಬಿಡುತ್ತೆ. "ಧೂಳು ಕೂತ್ತು" ಅಂತ ನಾವು ಟವೆಲ್ ಬಿಚ್ಚೋ ಹೊತ್ತಿಗೆ ಪುಪ್ಪುಸಕ್ಕೆ ಹೋಗೋ ಧೂಳು ಇನ್ನೂ ಮೂಗಿನ ಎದುರಿಗೇ ತೇಲ್ತಿರುತ್ತೆ.

ಇನ್ನೊಂದು ಲೆಕ್ಕ. ಅಮೆರಿಕದ ಓಶಾ ಸಂಸ್ಥೆ 2016ರಲ್ಲಿ ಹಾಕಿದ ಮಿತಿ: 8 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ಸಿಲಿಕಾ. 3 ಮೀಟರ್ ಉದ್ದ, ಅಗಲ, ಎತ್ತರದ ಕೋಣೆಗೆ ಲೆಕ್ಕ ಹಾಕಿದ್ರೆ ಒಟ್ಟು 1.35 ಮಿಲಿಗ್ರಾಂ. ಚಿಟಿಕೆ ಉಪ್ಪಿಗಿಂತ ಎಷ್ಟೋ ಕಮ್ಮಿ. ನಾವು ಬೇವಿನ ಕಟ್ಟೆಗೆ ಬಡಿದಿದ್ದು ಅರ್ಧ ಬಕೆಟ್.

ಆಗ ಆಯಿ ಮಾತು ಅರ್ಥ ಆಯ್ತು. ವ್ಯಾಕ್ಯೂಮ್ ಧೂಳನ್ನು ಇಲ್ಲ ಅನ್ನಿಸಲ್ಲ, ಕೂಡಿಹಾಕುತ್ತೆ ಅಷ್ಟೆ. ಇಡೀ ಕೋಣೆಯಲ್ಲಿ ಹರಡಬೇಕಾದದ್ದು ಡ್ರಮ್ ಬಿಚ್ಚುವವನ ಮುಖಕ್ಕೇ ಬರುತ್ತೆ. ಬಿಚ್ಚೋರು ಯಾರು? ಕಾಕಾ ಅಲ್ಲ, ಎಲೆಕ್ಟ್ರಿಷಿಯನ್ ಅಲ್ಲ. ಸೈಟಿನಲ್ಲಿ ಎಲ್ಲರಿಗಿಂತ ಕಮ್ಮಿ ಪಗಾರದ ಹುಡುಗ, ಇಲ್ಲಾಂದ್ರೆ ಕಸ ಗುಡಿಸೋ ಅಕ್ಕ. ಕೋಣೆ ಸ್ವಚ್ಛ ಆಯ್ತು ಅಂತ ಅನ್ನೋದು ಉಳಿದವರು.

ಆಮೇಲೆ ನಾವು ಕೆಲಸದ ರೀತಿ ಬದಲಿಸಿದೆವು. ದೊಡ್ಡ ಸಂಶೋಧನೆ ಏನಲ್ಲ.

ಮೊದಲು ಚೀಲ ಹಾಕಿಸಿದೆವು. ಇದಕ್ಕೆ ಕಾಕಾನ ಜೊತೆ ಅರ್ಧ ದಿನ ಜಗಳ. ಯುರೋಪಿನಲ್ಲಿ ಇಂಥ ಮಷೀನುಗಳಿಗೆ ಎಲ್, ಎಂ, ಎಚ್ ಅಂತ ಮೂರು ದರ್ಜೆ ಇವೆ. ಕಾಂಕ್ರೀಟಿನ ಧೂಳಿಗೆ ಕನಿಷ್ಠ 99.9% ಹಿಡಿಯೋ ಎಂ ದರ್ಜೆ ಬೇಕು. ಮನೆಯ ಸಾದಾ ವ್ಯಾಕ್ಯೂಮ್ ಆದ್ರೆ ಮುಂದಿನಿಂದ ಎಳೆದು ಹಿಂದಿನಿಂದ ನುಣ್ಣನೆಯದನ್ನು ಊದುತ್ತೆ.

ಪೈಪಿಗೂ ಮಷೀನಿಗೂ ನಡುವೆ ಮುಚ್ಚಳದ ಬಕೆಟ್ ಒಂದು ಕೂಡಿಸಿದೆವು. ಗಾಳಿ ಅಂಚಿನಿಂದ ಓರೆಯಾಗಿ ಒಳಬಂದು ಸುತ್ತುತ್ತೆ, ದಪ್ಪ ಧೂಳು ಗೋಡೆಗೆ ಬಡಿದು ಕೆಳಗೆ ಬೀಳುತ್ತೆ. ನಮ್ಮ ಪುಸ್ತಕದ ಸೈಕ್ಲೋನ್ ಸೆಪರೇಟರೇ ಇದು. ಅತಿ ನುಣ್ಣನೆಯದು ಇದಕ್ಕೆ ಸಿಗಲ್ಲ, ಅದಕ್ಕೇ ಚೀಲ, ಫಿಲ್ಟರ್ ಬೇಕೇ ಬೇಕು. ಆದರೆ ಫಿಲ್ಟರ್ ಪದೇ ಪದೇ ಕಟ್ಟಲ್ಲ, ಬಡಿಯೋ ಪ್ರಸಂಗವೂ ಬರಲ್ಲ.

ಖಾಲಿ ಮಾಡುವಾಗ ಮಷೀನ್ ಬಂದ್ ಮಾಡಿ ಪ್ಲಗ್ ಕೀಳೋದು. ಬಕೆಟ್ ಬಿಡಿಸಿ, ಮುಚ್ಚಳ ತೆಗೆಯದೆ ಪೈಪಿನ ತೂತಿನಿಂದಲೇ ಮೆಲ್ಲಗೆ ನೀರು ಬಿಡೋದು. ಧೂಳು ಕೆಸರಾದ ಮೇಲೆ ಬಿಚ್ಚೋದು. ತುಂಬಿದ ಚೀಲವನ್ನು ಅಲುಗಾಡಿಸದೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ, ಅದನ್ನು ಇನ್ನೊಂದರಲ್ಲಿ ಕಟ್ಟಿ ಮೇಲೆ "ಕಾಂಕ್ರೀಟ್ ಧೂಳು, ಬಿಚ್ಚಬೇಡಿ" ಅಂತ ಬರೆಯೋದು. ಈ ಹೊತ್ತಿನಲ್ಲಿ ಟವೆಲ್ ಅಲ್ಲ, ಮುಖಕ್ಕೆ ಸರಿಯಾಗಿ ಕೂರೋ ಎನ್95. ಹಳೆಯ ಸಿಮೆಂಟ್ ಶೀಟನ್ನು ಮಾತ್ರ ಕೊಯ್ಯಲೂಬಾರದು, ಅದರಲ್ಲಿ ಆಸ್ಬೆಸ್ಟಾಸ್ ಇರುತ್ತೆ.

ಕೆಸರನ್ನು ಚರಂಡಿಗೆ ಬಿಡಬಾರದು. ಸಿಮೆಂಟ್ ಕ್ಷಾರ, ಮೇಲಾಗಿ ಗಟ್ಟಿಯಾಗಿ ಚರಂಡಿ ಕಟ್ಟುತ್ತೆ. ಕಟ್ಟಡದ ಕಸವನ್ನು ಬೇರೆ ಇಡಬೇಕು, ಚರಂಡಿಗೆ ಹಾಕಬಾರದು ಅಂತ 2016ರ ಕೇಂದ್ರದ ನಿಯಮಗಳೇ ಹೇಳಿದ್ದವು. ಕಸದ ಗಾಡಿಯ ಅಣ್ಣನನ್ನು ಕೇಳಿದ್ರೆ, "ಹಸಿ ಕಸಾನೋ ಒಣ ಕಸಾನೋ ಹೇಳ್ರಿ" ಅಂದರು. ನಮಗೂ ಉತ್ತರ ಗೊತ್ತಿರಲಿಲ್ಲ. ಕೊನೆಗೆ ಕೆಸರಿಗೆ ಉಳಿದ ಸಿಮೆಂಟ್ ಕಲಸಿ, ಗಟ್ಟಿ ಮಾಡಿ, ಮೆಟ್ಟಿಲ ಕೆಳಗಿನ ಭರ್ತಿಗೆ ಹಾಕಿದೆವು. ಕಟ್ಟಿದ ಚೀಲಗಳನ್ನು ಒಡೆದ ಗೋಡೆಯ ಕಸದ ಜೊತೆ ಟ್ರ್ಯಾಕ್ಟರಿಗೆ ಏರಿಸಿ, ಒಳಗೇನಿದೆ ಅಂತ ಡ್ರೈವರಿಗೆ ಹೇಳಿ ಕಳಿಸಿದೆವು.

ಒಂದು ಪಾಳಿಯೂ ಮಾಡಿಕೊಂಡೆವು. ಅವತ್ತು ಸ್ವಿಚ್ ಹಾಕಿದವನೇ ಖಾಲಿ ಮಾಡಬೇಕು. ಹೆಲ್ಪರ್ ಹುಡುಗನನ್ನು ಕರೆಯುವಂತಿಲ್ಲ. ಎರಡನೇ ದಿನ ಕಾಕಾ ಸ್ವಿಚ್ ಹಾಕಿದರು. ಅವರ ಕೈಗೂ ಮಾಸ್ಕ್ ಕೊಟ್ಟೆವು. ಬೈಕೋತಾನೇ ಹಾಕಿಕೊಂಡರು. ಮುಂದಿನ ಕೆಲಸಕ್ಕೆ ಚೀಲದ ಡಬ್ಬಿ ಅವರೇ ತಂದಿದ್ದರು.

ರಜೆ ಮುಗಿಯೋ ಮುಂಚೆ ಔರಾದಿಗೆ ಹೋದೆವು. ಅಪ್ಪ ಹೊರಸಿನ ಮೇಲೆ ಕೂತಿದ್ದರು. ಎರಡು ಮಾತಾಡಿ ಉಸಿರು ತಗೋತಿದ್ದರು. ನಾವು ಬಕೆಟ್ಟಿನ ವಿಡಿಯೋ ತೋರಿಸಿದೆವು. ಎರಡು ಸಲ ನೋಡಿದರು. "ಒಂದು ಕೋಣಿಗಿ ಇಷ್ಟ ಧೂಳ ಬರ್ತದೇನಪಾ?" ಅಂದರು. ಹೌದು ಅಂದೆವು. ಅವರು ಬೆರಳಲ್ಲಿ ಏನೋ ಎಣಿಸೋಕೆ ಶುರು ಮಾಡಿ ಅರ್ಧಕ್ಕೆ ಬಿಟ್ಟರು. ಆಮೇಲೆ ಮಗನ ಕಡೆ ನೋಡಿ, "ನೀ ಖಾಲಿ ಮಾಡೂ ಮುಂದ ಮಾಸ್ಕ್ ಹಾಕ್ಕೊಂಡಿದ್ದೆಲ್ಲ?" ಅಂತ ಕೇಳಿದರು.

ನಮ್ಮ ಕ್ಯಾಂಪಸ್ಸಿನ ಹೊಸ ಬ್ಲಾಕಿನಲ್ಲಿ ಈಗ ಟೈಲ್ಸ್ ಕೆಲಸ ನಡೆದಿದೆ. ನಾಳೆ ಕ್ಲಾಸಿಗೆ ಹೋಗುವಾಗ ಒಂದು ನಿಮಿಷ ನಿಂತು ನೋಡಿ, ಅಲ್ಲಿ ಖಾಲಿ ಮಾಡೋರು ಯಾರು ಅಂತ. ನಾವು ಹೋಗ್ತಿದ್ದೀವಿ, ಬ್ಯಾಗಿನಲ್ಲಿ ಒಂದು ಡಬ್ಬಿ ಮಾಸ್ಕ್ ಇದೆ. ಜೊತೆಗೆ ಬರ್ತೀರಾ?