ನೋವಿಲ್ಲದ ಬ್ಯಾನಿ

ನಮ್ಮ ಜತ್ತ ತಾಲೂಕಿನ ಹೆಣ್ಣುಮಕ್ಕಳು ಕಾಲಿಗೆ ಮುಳ್ಳು ನಟ್ಟರೆ ತೆಗೀತಾರ, ಜ್ವರ ಬಂದರೆ ಕಷಾಯ ಕುಡೀತಾರ. ಬಿ.ಪಿ. ಮುಳ್ಳಿನಂಗ ಚುಚ್ಚೂದಿಲ್ಲ, ಜ್ವರದಂಗ ಸುಡೂದಿಲ್ಲ. ಅದಕ್ಕ ಅದರ ಕಡೆ ಯಾರೂ ನೋಡೂದಿಲ್ಲ.

ನಮ್ಮ ದೊಡ್ಡಕ್ಕ ಬೀಸುವ ಪದ ಎತ್ತಿದರೆ ಓಣಿ ಎಲ್ಲಾ ಸುಮ್ಮನಾಗತಿತ್ತು. ನನಗ ಹಾಡು ಬಂದದ್ದೇ ಆಕಿಯಿಂದ. ಡಾಕ್ಟರು ಬಿ.ಪಿ. ಗುಳಿಗಿ ಬರೆದುಕೊಟ್ಟಿದ್ದರು. ಎರಡು ತಿಂಗಳು ನುಂಗಿ, "ಈಗ ಆರಾಮ ಅದೀನಿ" ಅಂತ ಬಿಟ್ಟಳು. ಒಂದು ಮುಂಜಾನೆ ರೊಟ್ಟಿ ಬಡಿಯುವಾಗ ಬಲಗೈ ಏಳಲಿಲ್ಲ, ಬಾಯಿ ವಾರಿ ಆತು. ಲಕ್ವಾ ಹೊಡೆದಿತ್ತು. ಜೀವ ಉಳೀತು, ಹಾಡು ಉಳೀಲಿಲ್ಲ.

ಆಮೇಲೆ ಡಾಕ್ಟರನ್ನ ಕೇಳಿ ತಿಳಕೊಂಡೆ. ಮೇಲಿನ ಅಂಕಿ 140 ಇಲ್ಲಾ ಕೆಳಗಿನದು 90, ಅಷ್ಟು ಅಥವಾ ಅದಕ್ಕೂ ಹೆಚ್ಚು ಮತ್ತೆ ಮತ್ತೆ ಬಂದರೆ ಅದು ಬಿ.ಪಿ. ಮುಟ್ಟು ನಿಂತ ಮ್ಯಾಲೆ ಹೆಣ್ಣುಮಕ್ಕಳಿಗೆ ಇದು ಏರೂದು ಜಾಸ್ತಿ. ಬಸರಿದ್ದಾಗ ಏರಿದರೆ ತಾಯಿಗೂ ಕೂಸಿಗೂ ಅಪಾಯ; ಅಂಥಾಕಿ ಹಡೆದ ಮ್ಯಾಲೂ ತೋರಿಸಿಕೊಳ್ಳುತ್ತ ಇರಬೇಕು. ದಿನಕ್ಕ ಉಪ್ಪು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದೊಳಗೇ ಇರಬೇಕು. ನಮ್ಮ ಉಪ್ಪಿನಕಾಯಿ, ಕೆಂಪು ಹಿಂಡಿ, ಸಂಡಿಗಿ ಎಲ್ಲಾದರಾಗೂ ಉಪ್ಪೇ. ಗುಳಿಗಿ ನುಂಗೂದರಿಂದಲೇ ಬಿ.ಪಿ. ಹಿಡಿತದಾಗ ಇರತೈತಿ; ಡಾಕ್ಟರನ್ನ ಕೇಳದೆ ಬಿಡಬಾರದು.

ಗಂಡಸರಿಗೆ ನನ್ನದೊಂದು ಮಾತು. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ದನದ ಡಾಕ್ಟರನ್ನ ಕರೆಸತೇವಿ. ಅವ್ವ, ಅಕ್ಕ, ಹೆಂಡತಿ ತಾವಾಗಿ ಹೇಳಲಿ ಅಂತ ಕಾಯಬ್ಯಾಡ್ರಿ. ಸಂತಿ ದಿನ ಸರಕಾರಿ ದವಾಖಾನಿಗೆ ಕರಕೊಂಡು ಹೋಗಿ ಬಿ.ಪಿ. ನೋಡಿಸ್ರಿ. ಐದು ನಿಮಿಷದ ಕೆಲಸ.