ತಾಯಿ ಪತ್ರ ಮತ್ತು ಮಳೆಯ ಲೆಕ್ಕ

ಮೇಷ್ಟ್ರಾದವರಿಗೆ ಸಾಮಾನ್ಯವಾಗಿ ಒಂದು ಚಟವಿರುತ್ತದೆ. ಏನು ಕೆಟ್ಟರೂ ಮೊದಲು ಕೈಹಾಕುವವರು ತಾವೇ ಆಗಬೇಕು. ಮಕ್ಕಳೆದುರು ‘ಗೊತ್ತಿಲ್ಲ’ ಎನ್ನಲು ನಾಲಿಗೆ ಬಾರದು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಇಷ್ಟು ವರ್ಷ ವಿಜ್ಞಾನ ಹೇಳಿಕೊಟ್ಟ ನಾನೂ ಇದಕ್ಕೆ ಹೊರತಲ್ಲ. ಆ ಚಟ ಒಮ್ಮೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಹೇಳಿಕೊಂಡರೆ ನಾಲ್ಕು ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಉಪಯೋಗವಾದೀತು.

ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿ ಶಾಲೆ. ಬಾಗಿಲಲ್ಲಿ ನಿಂತರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ. ಬೆಟ್ಟದ ತಲೆಯ ಮೇಲೆ ಮಂಜು ಕುಳಿತಿರುತ್ತದೆ. ಕೆಳಗೆ ಚೆಂಡುಹೂವಿನ ಹೊಲದಲ್ಲಿ ರೈತ ಆಕಾಶ ನೋಡುತ್ತಿರುತ್ತಾನೆ. ಘಟ್ಟದ ಮಳೆನೆರಳಿನ ಸೀಮೆ ನಮ್ಮದು. ಮಳೆ ಎಷ್ಟು ಬಂತು ಎಂಬುದು ಇಲ್ಲಿ ಹರಟೆಯ ಮಾತಲ್ಲ, ಸಾಲ ತೀರಿಸುವ ಮಾತು. ಅದಕ್ಕೇ 2019ರ ಜೂನ್‌ನಲ್ಲಿ ಶಾಲೆಯಂಗಳದಲ್ಲಿ ಒಂದು ಮಳೆಮಾಪಕ ನೆಟ್ಟು, ಹವಾಮಾನ ಇಲಾಖೆಯವರಂತೆ ದಿನವೂ ಬೆಳಿಗ್ಗೆ 8.30ಕ್ಕೆ ಅಳೆದು ಬರೆಯಲು ಮಕ್ಕಳಿಗೆ ಹೇಳಿದೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಮಳೆಯ ಲೆಕ್ಕವೂ ನಿಂತಿತೆಂದೇ ನಾನು ತಿಳಿದಿದ್ದೆ. 2021ರ ಜನವರಿಯಲ್ಲಿ ಹತ್ತನೆಯ ತರಗತಿ ತೆರೆದಾಗ ಶಾಲೆಯ ಹಿಂದಿನ ಬೀದಿಯ ಹುಡುಗಿಯೊಬ್ಬಳು ಒಂದು ನೋಟುಪುಸ್ತಕ ತಂದು ಮೇಜಿನ ಮೇಲಿಟ್ಟಳು. ಅಷ್ಟೂ ದಿನ, ಒಂದು ದಿನವೂ ಬಿಡದೆ, ಕಾಂಪೌಂಡು ಹಾರಿ ಬಂದು ಅಳೆದಿದ್ದಳು. ಹೂ ಕೊಯ್ಯುವವರ ಮನೆಯ ಮಗಳು. “ನೀವು ನಿಲ್ಲಿಸಿ ಅಂತ ಹೇಳಲಿಲ್ಲವಲ್ಲ ಸಾರ್” ಎಂದಳು. ಅದನ್ನೆಲ್ಲ ಶಾಲೆಯ ಕಂಪ್ಯೂಟರಿಗೆ ಅವಳೇ ತುಂಬಿದಳು. ಆ ವರ್ಷದ ಕೊನೆಗೆ ಅವರ ಮನೆಯ ಹೆಂಚು ಸೋರಿ ನೋಟುಪುಸ್ತಕ ಹಾಳಾಯಿತು. ಮಳೆಯ ಲೆಕ್ಕವನ್ನು ಮಳೆಯೇ ಅಳಿಸಿತು. ಕಂಪ್ಯೂಟರಿನಲ್ಲಿದೆಯಲ್ಲ ಎಂದು ನಾನು ಸಮಾಧಾನ ಹೇಳಿದೆ.

ಆ ಕಂಪ್ಯೂಟರಿನ ವಿಚಾರ ಸ್ವಲ್ಪ ಹೇಳಬೇಕು. ಶಾಲೆಯಲ್ಲಿದ್ದದ್ದು ಒಂದೇ ಒಳ್ಳೆಯ ಯಂತ್ರ. ಮಕ್ಕಳು ಕಲಿಯುವ ಭರದಲ್ಲಿ ಅದನ್ನು ಕೆಡಿಸಬಾರದೆಂದು ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿ ಅದರೊಳಗೆ ಇನ್ನೊಂದು ಕಂಪ್ಯೂಟರ್ ಕೂರಿಸಿಕೊಟ್ಟಿದ್ದ. ಇದಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಒಂದು ಯಂತ್ರವೇ ತಂತ್ರಾಂಶದ ಬಲದಿಂದ ಇನ್ನೊಂದು ಯಂತ್ರದ ವೇಷ ಹಾಕುವುದು. ವಿದ್ಯೆ ಹೊಸದಲ್ಲ, ಐಬಿಎಂ ಕಂಪನಿ ತನ್ನ ದೊಡ್ಡ ಗಣಕಗಳಿಗೆ 1972ರಲ್ಲೇ ಇದನ್ನು ಒದಗಿಸಿತ್ತು. ನಮ್ಮ ಮೇಜಿನ ಕಂಪ್ಯೂಟರುಗಳಿಗೆ ತಂದವರಲ್ಲಿ 1998ರಲ್ಲಿ ಶುರುವಾದ ವಿಎಂವೇರ್ ಮುಖ್ಯವಾದದ್ದು. ನಮ್ಮಲ್ಲಿದ್ದದ್ದೂ ಅದೇ.

ಇದರಲ್ಲಿ ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯವಿದೆ. ಒಂದು ಗುಂಡಿ ಒತ್ತಿದರೆ ಆ ಕ್ಷಣದ ಸ್ಥಿತಿ ಉಳಿಯುತ್ತದೆ. ಮಕ್ಕಳು ಏನು ಕೆಡಿಸಿದರೂ ಹಿಂದಕ್ಕೆ ಹೋಗಬಹುದು. ನಾನು ಮೂರು ಸಲ ಒತ್ತಿದ್ದೆ. ಶಾಲೆ ಮುಚ್ಚುವ ಮುನ್ನ 2020ರ ಮಾರ್ಚ್‌ನಲ್ಲಿ, ಆಮೇಲೆ 2021ರ ಜೂನ್‌ನಲ್ಲಿ, 2022ರ ಜೂನ್‌ನಲ್ಲಿ. ಮೂರು ಪ್ರತಿಗಳಿವೆಯೆಂದು ನಿಶ್ಚಿಂತನಾಗಿದ್ದೆ. ನನ್ನ ಮೊದಲ ತಪ್ಪು ಅದೇ.

ಸ್ನ್ಯಾಪ್‌ಶಾಟ್ ಪ್ರತಿಯಲ್ಲ. ಹೊಲದ ಪತ್ರಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಜ್ಜ ಹೊಲ ಕೊಂಡ ಕ್ರಯಪತ್ರವನ್ನು ನಾವು ತಾಯಿ ಪತ್ರ ಎನ್ನುತ್ತೇವೆ. ಆಮೇಲಿನ ವಿಭಾಗ ಪತ್ರ, ದಾನ ಪತ್ರಗಳೆಲ್ಲ ಅದನ್ನು ಹೆಸರಿಸಿ, ಅಲ್ಲಿಂದ ಏನು ಬದಲಾಯಿತೆಂದು ಹೇಳುತ್ತವೆ. ತಾಯಿ ಪತ್ರವಿಲ್ಲದೆ ಅವುಗಳಿಗೆ ಬೆಲೆ ಕಡಿಮೆ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಮೊದಲಿನ ಡಿಸ್ಕು ತಾಯಿ ಡಿಸ್ಕಾಗಿ ಸುಮ್ಮನೆ ಕೂರುತ್ತದೆ. ಮುಂದಿನ ಬದಲಾವಣೆಗಳು ಮಾತ್ರ ಒಂದು ಮರಿ ಡಿಸ್ಕಿಗೆ ಬೀಳುತ್ತವೆ. ಮತ್ತೊಮ್ಮೆ ತೆಗೆದರೆ ಮರಿಗೊಂದು ಮರಿ. ಪ್ರತಿಯೊಂದಕ್ಕೂ ಎಂಟು ಅಕ್ಷರಗಳ ಒಂದು ಗುರುತು ಸಂಖ್ಯೆ. ಜೊತೆಗೆ ತನ್ನ ತಾಯಿಯ ಸಂಖ್ಯೆಯನ್ನೂ ಅದು ಬರೆದಿಟ್ಟುಕೊಂಡಿರುತ್ತದೆ. ಎಲ್ಲಕ್ಕೂ ಮೂಲವಾದ ಡಿಸ್ಕಿಗೆ ತಾಯಿಯಿಲ್ಲ. ಆ ಜಾಗದಲ್ಲಿ ಎಂಟು ‘ಎಫ್’ ಅಕ್ಷರಗಳಿರುತ್ತವೆ. ಸರಪಣಿಯ ಒಂದು ಕೊಂಡಿ ಕಳಚಿದರೂ ಇಡೀ ಯಂತ್ರ ಮಲಗುತ್ತದೆ.

2022ರ ಅಕ್ಟೋಬರಿನ ಒಂದು ಮಧ್ಯಾಹ್ನ ಗುಡುಗುಮಳೆ ಬಂದು ಕರೆಂಟು ಹೋಯಿತು. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರ ನಮ್ಮ ಜಿಲ್ಲೆಯ ಅಂಚಿನಲ್ಲೇ ಇದೆ. ಆದರೂ ಗಾಳಿಮಳೆಗೆ ಕಂಬ ಬೀಳುವುದನ್ನು ಯಾರು ತಡೆದಾರು? ತಡೆಯಬೇಕಾದ್ದು ನಮ್ಮ ಯುಪಿಎಸ್. ಅದರ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. ಅದು ಕಿರ್ರೆಂದು ಕೂಗಿದಾಗೆಲ್ಲ ‘ಮುಂದಿನ ತಿಂಗಳು ನೋಡೋಣ’ ಎಂದವನು ನಾನೇ.

ಕಂಪ್ಯೂಟರು ಬರೆಯಬೇಕಾದ್ದನ್ನು ಆ ಕ್ಷಣವೇ ಡಿಸ್ಕಿಗೆ ಬರೆಯುವುದಿಲ್ಲ. ಸ್ವಲ್ಪ ಹೊತ್ತು ತನ್ನ ತಾತ್ಕಾಲಿಕ ನೆನಪಿನಲ್ಲಿಟ್ಟುಕೊಂಡು ಆಮೇಲೆ ಬರೆಯುತ್ತದೆ. ಕರೆಂಟು ಹೋದರೆ ಆ ನೆನಪು ಹೋಯಿತು. ಬರೆಯುತ್ತಿದ್ದ ಕಡತ ಕೆಲವೊಮ್ಮೆ ಅರ್ಧವಾಗುತ್ತದೆ, ಕೆಲವೊಮ್ಮೆ ಬರಿದಾಗುತ್ತದೆ. ನಮ್ಮಲ್ಲಿ ಬರಿದಾದದ್ದು ಯಾವ ಡಿಸ್ಕು ಎಲ್ಲಿದೆ ಎಂದು ಹೇಳುವ ವಿವರದ ಕಡತ. ಯಂತ್ರ ತೆರೆಯಲಿಲ್ಲ. ಮಕ್ಕಳು ಸುತ್ತ ನಿಂತಿದ್ದರು. ನನ್ನ ಚಟ ಎದ್ದಿತು.

ಹೊಸ ಯಂತ್ರವೊಂದನ್ನು ರಚಿಸಿ, ಎಲ್ಲಕ್ಕಿಂತ ದೊಡ್ಡದಾಗಿ ಕಂಡ ತಾಯಿ ಡಿಸ್ಕನ್ನೇ ಅದಕ್ಕೆ ಜೋಡಿಸಿ ಶುರುಮಾಡಿಬಿಟ್ಟೆ. ತೆರೆಯಿತು! ಮಕ್ಕಳು ಚಪ್ಪಾಳೆ ತಟ್ಟಿದರು. ಮಳೆಯ ಲೆಕ್ಕ ತೆಗೆದು ನೋಡಿದರೆ 2020ರ ಮಾರ್ಚ್‌ಗೆ ನಿಂತುಹೋಗಿತ್ತು. ಆ ಹುಡುಗಿಯ ಒಂದು ಸಾಲೂ ಇಲ್ಲ.

ಐದು ನಿಮಿಷದಲ್ಲಿ ಮುಚ್ಚಿ ಬೆಂಗಳೂರಿಗೆ ಫೋನು ಮಾಡಿದೆ. ನನ್ನ ಶಿಷ್ಯ ಎಲ್ಲ ಕೇಳಿ ಒಂದೇ ಮಾತು ಹೇಳಿದ: “ಸಾರ್, ದಯವಿಟ್ಟು ಇನ್ನೇನೂ ಮುಟ್ಟಬೇಡಿ.” ಒಂದು ಕಾಲದಲ್ಲಿ ಪ್ರಯೋಗಾಲಯದಲ್ಲಿ ಆಮ್ಲದ ಸೀಸೆ ಹಿಡಿದಿದ್ದ ಅವನಿಗೆ ನಾನು ಹೇಳಿದ್ದ ಮಾತದು.

ನಾನು ಮಾಡಿದ್ದೇನೆಂದರೆ, ವಿಭಾಗವಾದ ಮೇಲೆ ತಾಯಿ ಪತ್ರವನ್ನು ತಿದ್ದಿದ್ದು. ಯಂತ್ರ ಸುಮ್ಮನೆ ತೆರೆದರೂ ಡಿಸ್ಕಿನ ಮೇಲೆ ಏನಾದರೂ ಬರೆಯುತ್ತದೆ. ಬರೆದೊಡನೆ ಗುರುತು ಸಂಖ್ಯೆ ಬದಲಾಗುತ್ತದೆ. ಮರಿ ಬಲ್ಲ ತಾಯಿಯ ಸಂಖ್ಯೆ ಒಂದು, ತಾಯಿಯ ಈಗಿನ ಸಂಖ್ಯೆ ಇನ್ನೊಂದು. ತಾಯಿ ಡಿಸ್ಕು ಬದಲಾಗಿದೆ ಎಂದು ತಂತ್ರಾಂಶ ಸರಪಣಿ ತೆರೆಯಲು ಒಪ್ಪುವುದಿಲ್ಲ. ಒಪ್ಪದಿರುವುದೇ ಸರಿ. ಕರೆಂಟು ಮಾಡಿದ ಹಾನಿ ಒಂದು ಪಾಲಾದರೆ ಮೇಷ್ಟ್ರು ಮಾಡಿದ್ದು ಇನ್ನೊಂದು.

ಆ ಭಾನುವಾರ ಅವನೇ ಬಂದ. ಮೊದಲ ಕೆಲಸ, ಇಡೀ ಕಡತಕೋಶವನ್ನು, ಕೆಟ್ಟದ್ದು ಒಳ್ಳೆಯದು ಎನ್ನದೆ, ಬೇರೊಂದು ಡಿಸ್ಕಿಗೆ ನಕಲು ಮಾಡಿದ. ಅಷ್ಟಕ್ಕೇ ಎರಡು ಗಂಟೆ ಹಿಡಿಯಿತು. ಮೂಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಿದ. ರಿಪೇರಿಯೆಲ್ಲ ನಕಲಿನ ಮೇಲೆ. ಯಂತ್ರ ತಾನೇ ಬರೆದುಕೊಳ್ಳುವ ದಿನಚರಿ ಕಡತ ಓದಿ ಡಿಸ್ಕುಗಳ ಸರಣಿ ತಿಳಿದುಕೊಂಡ. ಹಾಳಾದ ವಿವರದ ಕಡತಕ್ಕೆ ಬದಲು ಹೊಸದು ಬರೆದ. ಒಂದನೆಯ ಮರಿಯಲ್ಲಿ ತಾಯಿಯ ಹಳೆಯ ಸಂಖ್ಯೆಯಿದ್ದ ಕಡೆ ಈಗಿನ ಸಂಖ್ಯೆ ತುಂಬಿದ. “ಇದರಿಂದ ತಕರಾರು ನಿಲ್ಲುತ್ತೆ ಸಾರ್, ಹಾನಿ ಹೋಗಲ್ಲ” ಎಂದು ಎಚ್ಚರಿಸಿದ. ನಂತರ ಸರಪಣಿಯನ್ನೆಲ್ಲ ಸೇರಿಸಿ ಒಂದೇ ಹೊಸ ಡಿಸ್ಕು ಮಾಡಿ, ಅದರ ಕಡತ ವ್ಯವಸ್ಥೆಯನ್ನು ತಪಾಸಣೆಗೆ ಹಾಕಿದ. ಹೊಂದಿಕೆ ತಪ್ಪಿದ ಕೆಲವು ತುಣುಕುಗಳು ‘ಕಳೆದು ಸಿಕ್ಕವು’ ಎಂಬ ಅರ್ಥದ ಹೆಸರಿನ ಕೋಶದಲ್ಲಿ ಬಂದು ಬಿದ್ದವು.

ಮಳೆಯ ಲೆಕ್ಕ ತೆರೆದಾಗ ಸಂಜೆಯಾಗಿತ್ತು. ಕೊನೆಯ ಮೂರು ದಿನದ ಸಾಲುಗಳಿರಲಿಲ್ಲ. ಅವು ಮಕ್ಕಳ ನೋಟುಪುಸ್ತಕದಲ್ಲಿದ್ದವು. ಉಳಿದದ್ದೆಲ್ಲ ಇತ್ತು. ನಾನು ಐದು ನಿಮಿಷದ ಬದಲು ಒಂದು ದಿನ ಆ ತಾಯಿ ಡಿಸ್ಕಿನ ಮೇಲೆ ಕೆಲಸ ಮಾಡಿದ್ದರೆ ಹೀಗೆ ಹೇಳುವ ಭಾಗ್ಯ ಇರುತ್ತಿರಲಿಲ್ಲವೇನೋ. ನನ್ನ ಬುದ್ಧಿಯಿಂದ ಉಳಿದದ್ದಲ್ಲ ಅದು. ಬೇಗ ಕೈ ತೆಗೆದದ್ದರಿಂದ ಉಳಿದದ್ದು.

ಈಗ ಯುಪಿಎಸ್‌ಗೆ ಹೊಸ ಬ್ಯಾಟರಿಯಿದೆ. ತಿಂಗಳಿಗೊಮ್ಮೆ ನಿಜವಾದ ಪ್ರತಿ ತೆಗೆದು ಬೇರೆ ಕಟ್ಟಡದಲ್ಲಿಡುತ್ತೇವೆ. ಆ ಪ್ರತಿ ತೆರೆಯುತ್ತದೆಯೇ ಎಂದು ತೆರೆದೂ ನೋಡುತ್ತೇವೆ. ಮಕ್ಕಳೇ, ನಿಮ್ಮ ಪ್ರಾಜೆಕ್ಟು, ಮನೆಯವರ ಫೋಟೋ, ಯಾವುದೇ ಇರಲಿ, ಒಂದೇ ಜಾಗದಲ್ಲಿದ್ದರೆ ಇಲ್ಲವೆಂದೇ ತಿಳಿಯಿರಿ. ಕೆಟ್ಟಾಗ ಮೊದಲು ನಕಲು, ಆಮೇಲೆ ರಿಪೇರಿ. ದೊಡ್ಡವರಿಗೂ ಇದೇ ಮಾತು.

ಆ ಹುಡುಗಿ ಆಗ ಗುಂಡ್ಲುಪೇಟೆಯಲ್ಲಿ ಪಿಯುಸಿ ಓದುತ್ತಿದ್ದಳು. ಕರೆಸಿ ತೋರಿಸಿದೆ. 2020ರ ಏಪ್ರಿಲ್ ಮೊದಲ ವಾರದ ಸಾಲುಗಳಲ್ಲಿ ದಿನವೂ ಸೊನ್ನೆಯೇ ಇತ್ತು. “ಮಳೆ ಇಲ್ಲದ ದಿನವೂ ಕಾಂಪೌಂಡು ಹಾರಿದ್ದೆಯಾ?” ಎಂದೆ. “ಹೋಗಿ ನೋಡದಿದ್ದರೆ ಅದು ಸೊನ್ನೆ ಹೇಗಾಗುತ್ತೆ ಸಾರ್, ಖಾಲಿ ಅಲ್ಲವಾ?” ಎಂದಳು.

ನಾನು ಆ ಪುಟವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಪ್ರಯೋಗಾಲಯದ ಗೋಡೆಗೆ ಅಂಟಿಸಿದ್ದೇನೆ.